ಒಡ್ಡೋಲಗ ಆಯಿತು, ಪ್ರಸಂಗವೆಲ್ಲಿ?

ಮಗುವಿಗೆ ‘ಮಗು’ ಎಂದೇ ನಾಮಕರಣ ಮಾಡಿದವರನ್ನು ನಾನು ಕಂಡಿಲ್ಲ. ಬ್ಲ್ಯಾಕ್‌ಪಿಂಕ್ ಎಂಬ ಕೊರಿಯಾದ ಹೆಣ್ಣುಮಕ್ಕಳ ಪಾಪ್ ತಂಡದ ಮೊದಲ ಪೂರ್ಣ ಆಲ್ಬಮ್ಮಿನ ಹೆಸರು ಮಾತ್ರ ‘ದಿ ಆಲ್ಬಂ’. 2016ರ ಆಗಸ್ಟ್‌ನಲ್ಲಿ ರಂಗಕ್ಕೆ ಬಂದ ತಂಡ ಇದನ್ನು ಹೊರತಂದದ್ದು 2020ರ ಅಕ್ಟೋಬರ್ 2ರಂದು. ನಡುವಿನ ನಾಲ್ಕು ವರ್ಷ ಬಿಡಿ ಹಾಡುಗಳಲ್ಲಿ, ಕಿರು ಆಲ್ಬಂಗಳಲ್ಲಿ ಕಳೆಯಿತು. ಅಷ್ಟು ಕಾಯಿಸಿ ಕೊಟ್ಟದ್ದು ಎಂಟು ಹಾಡು. ಎಲ್ಲ ಸೇರಿ 25 ನಿಮಿಷವೂ ಇಲ್ಲ. ಆ ಎಂಟರಲ್ಲೂ ಎರಡನ್ನು ಜೂನ್ ಮತ್ತು ಆಗಸ್ಟ್‌ನಲ್ಲೇ ಬಡಿಸಿ ಆಗಿತ್ತು. ಈ ತಂಡವನ್ನು ಕಟ್ಟಿದ ವೈಜಿ ಸಂಸ್ಥೆಯದೇ ಹಿರಿಯ ತಂಡ ಟೂಎನ್ಇವನ್ 2009ರಲ್ಲಿ ಹುಟ್ಟಿ ಮರುವರ್ಷವೇ 12 ಹಾಡುಗಳ ‘ಟು ಎನಿವನ್’ ತಂದಿತ್ತು. ಅದರಲ್ಲೂ ಹಳೆಯವು ಸೇರಿದ್ದವು, ನಿಜ. ಆದರೂ ಉಂಡೆವು ಎನ್ನುವ ಹಾಗಿತ್ತು.

ಅಳತೆಯ ತಕರಾರನ್ನು ಇಲ್ಲಿಗೇ ಬಿಡುತ್ತೇನೆ. ಚಿಕ್ಕದಾಗಿರುವುದು ದೋಷವಲ್ಲ. ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಎರಡನೇ ಸ್ಥಾನ, ಬ್ರಿಟನ್ನಿನಲ್ಲೂ ಎರಡನೇ ಸ್ಥಾನ, ಕೊರಿಯಾದ ಹೆಣ್ಣುಮಕ್ಕಳ ತಂಡವೊಂದರ ಆಲ್ಬಂ ಹತ್ತು ಲಕ್ಷ ಪ್ರತಿ ದಾಟಿದ್ದು ಮೊದಲ ಬಾರಿ: ಇವೆಲ್ಲ ದಾಖಲಾದ ಸಂಗತಿಗಳು, ನನ್ನ ಜಗಳ ಇವುಗಳ ಜತೆಗಲ್ಲ. ಈ ಅಂಕಿಗಳ ಬೆನ್ನೇರಿ ‘ದಿ ಆಲ್ಬಂ’ ಈಗ ಒಂದು ಮಹತ್ವದ ಕೃತಿಯಾಗಿ ಕೂತುಬಿಟ್ಟಿದೆಯಲ್ಲ, ಜಗಳ ಅದರ ಜತೆ. ನನ್ನ ತೀರ್ಪನ್ನು ಮುಚ್ಚಿಡುವುದಿಲ್ಲ. ಇದರಲ್ಲಿ ಎರಡು ಒಳ್ಳೆಯ ಹಾಡುಗಳಿವೆ, ಒಂದು ತಮಾಷೆಯ ಹಾಡಿದೆ. ಉಳಿದ ಐದು ಬರೀ ಪ್ರವೇಶದ ಸಂಭ್ರಮ. ಮೆರೆದದ್ದು ಆ ಐದರ ಗುಂಪು. ಒಳ್ಳೆಯ ಎರಡರಲ್ಲಿ ಒಂದಂತೂ ಆಲ್ಬಮ್ಮಿನ ಕೊನೆಯಲ್ಲಿ ಯಾರೂ ವಿಚಾರಿಸದೆ ಕೂತಿದೆ.

ಮೊದಲ ಹಾಡು ‘ಹೌ ಯು ಲೈಕ್ ದಟ್’ ತೆಗೆದುಕೊಳ್ಳೋಣ. ಇಡೀ ಆಲ್ಬಮ್ಮಿನ ಹಣೆಬರಹ ಈ ಮೂರು ನಿಮಿಷದಲ್ಲಿದೆ. ಇದನ್ನು ವಿಡಿಯೊ ಇಲ್ಲದೆ, ಇಯರ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಬೇಕು. ಶುರುವಿಗೆ ತುತ್ತೂರಿಯಂಥ ಸಿಂಥ್ ಮೊಳಗುತ್ತದೆ. ಆಮೇಲೆ ವಾದ್ಯ ತಗ್ಗುತ್ತದೆ, ಕಂಠ ಕೆಳಗಿನ ಸ್ಥಾಯಿಯಲ್ಲಿ ನಿಲ್ಲುತ್ತದೆ. ಮಾತಿನ ತಿರುಳೂ ಅದೇ: ಬಿದ್ದೆ, ನೆಲ ಒಡೆದುಕೊಂಡು ಪಾತಾಳಕ್ಕೆ ಇಳಿದೆ. ನಂತರ ರಾಗ ಮೇಲೇರತೊಡಗುತ್ತದೆ. ಡ್ರಮ್ಮಿನ ಏಟು ದಟ್ಟವಾಗುತ್ತದೆ. ಕತ್ತಲಿನಿಂದ ಆಕಾಶಕ್ಕೆ ಬೆಳಕು ಹಚ್ಚುವ ಮಾತು ಬರುತ್ತದೆ. ಕಂಠ ಏಣಿಯ ಮೇಲಿನ ಮೆಟ್ಟಿಲಿನಲ್ಲಿದೆ, ಇನ್ನೊಂದು ಹೆಜ್ಜೆ ಇಟ್ಟರೆ ಪಲ್ಲವಿ. ಕೊರಿಯನ್ನಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಒಂದು ಕ್ಷಣದ ಮೌನ. ಆಮೇಲೆ ಹಾಡಿನ ಶೀರ್ಷಿಕೆಯನ್ನೇ, ರಾಗವಿಲ್ಲದೆ, ಸವಾಲಿನ ಹಾಗೆ ಎಸೆಯುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಈಗೇನಂತೀಯ?’ ಎಂಬ ಧಾಟಿ. ಪ್ರಶ್ನೆಗೆ ಉತ್ತರ ಕೊಡುವುದು ಬೇಸ್ ಮತ್ತು ಡ್ರಮ್ಮಿನ ಗುದ್ದು. ಪಲ್ಲವಿ ಇರಬೇಕಾದ ಜಾಗದಲ್ಲಿ ಹಾಡುವವರೇ ಇಲ್ಲ.

ಇದಕ್ಕೆ ನೃತ್ಯ ಸಂಗೀತದವರು ಇಟ್ಟ ಹೆಸರು ‘ಡ್ರಾಪ್’. ತಾಳವನ್ನು ದಟ್ಟೈಸುತ್ತ ಹೋಗಿ, ಬೇಸನ್ನು ತೆಗೆದು ಕೇಳುಗನನ್ನು ಗಾಳಿಯಲ್ಲಿ ತೂಗಿಬಿಟ್ಟು, ಒಮ್ಮೆಲೇ ಕೆಡವುವ ಉಪಾಯ. ಕ್ಲಬ್ಬಿನಲ್ಲಿ ಇದಕ್ಕೆ ಅರ್ಥವಿದೆ; ಅಲ್ಲಿ ಖಾಲಿ ಬಿಟ್ಟ ಜಾಗವನ್ನು ಕುಣಿಯುವವರ ಮೈ ತುಂಬುತ್ತದೆ. ಇಲ್ಲಿ ಅದನ್ನು ತುಂಬುವುದು ವಿಡಿಯೊದಲ್ಲಿ ಕುಣಿಯುವ ನಾಲ್ವರ ಮೈ. ನಾವು ಕೂತು ನೋಡುವವರು. ಕಣ್ಣು ಮುಚ್ಚಿದರೆ ಆ ಜಾಗ ಬಣಗುಡುತ್ತದೆ.

ಇದು ಒಮ್ಮೆ ಆಗಿದ್ದರೆ ಚಮತ್ಕಾರ ಎಂದು ಮೆಚ್ಚುತ್ತಿದ್ದೆ. ಹಾಡು ಇದನ್ನೇ ಎರಡನೇ ಸಲವೂ ಮಾಡುತ್ತದೆ. ಆಮೇಲೆ ಒಂದು ನಿಧಾನದ ಭಾಗ ಬರುತ್ತದೆ. ರೆಕ್ಕೆ ಕಳೆದುಕೊಂಡು ಉರುಳಿದ ದಿನಗಳ ನೆನಪು, ಕಂಠದಲ್ಲಿ ನಿಜವಾದ ಕಂಪನ. ಹೋ, ಈಗಲಾದರೂ ಹಾಡುತ್ತಾರೆ ಎಂದು ನಾನು ಪ್ರತಿ ಸಲವೂ ನೆಟ್ಟಗೆ ಕೂರುತ್ತೇನೆ. ಅಲ್ಲಿಂದ ಮುಂದೆ ಬರುವುದು ಅರ್ಥವಿಲ್ಲದ ಉಚ್ಚಾರಗಳ ಕೂಗು ಮತ್ತು ಕುಣಿತ. ಹಾಡು ಮುಗಿಯುವುದೂ ಅಲ್ಲೇ. ರಾಗದ ಆಸೆ ಹುಟ್ಟಿಸಿದ್ದು ಮೂರು ಸಲ, ಕೈಕೊಟ್ಟದ್ದೂ ಮೂರು ಸಲ. ತಲುಪಬೇಕಾದ ಮಾಳಿಗೆಗಿಂತ ಹತ್ತುವ ಮೆಟ್ಟಿಲೇ ಸೊಗಸಾಗಿರುವ ಕಟ್ಟಡ ಇದು.

ನಮ್ಮ ಕೀರ್ತನೆಗಳಲ್ಲಿ ಅನುಪಲ್ಲವಿ ಸಾಮಾನ್ಯವಾಗಿ ತಾರ ಷಡ್ಜದ ಕಡೆಗೆ ಏರಿ ಮತ್ತೆ ಪಲ್ಲವಿಗೆ ಇಳಿದು ಬರುತ್ತದೆ. ಆ ಏರಿಗೆ ಬೆಲೆ ಬರುವುದೇ ಹಿಂದಿರುಗಲು ಒಂದು ಮನೆ ಇರುವುದರಿಂದ. ಕೊರಿಯಾದ ಪಾಪ್ ಹಾಡನ್ನು ಕೀರ್ತನೆಯ ತಕ್ಕಡಿಯಲ್ಲಿ ತೂಗುವಷ್ಟು ಪೆದ್ದ ನಾನಲ್ಲ. ಆದರೆ ಏರಿಸಿದವರು ಇಳಿಸಬೇಕು ಎಂಬುದಕ್ಕೆ ಯಾವ ದೇಶದ ಹಾಡೂ ಹೊರತಲ್ಲ. ಈ ಹಾಡಿಗೆ ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ಯಕ್ಷಗಾನದ ಒಡ್ಡೋಲಗ. ಚೆಂಡೆ ಏರುತ್ತದೆ, ಇಬ್ಬರು ತೆರೆ ಹಿಡಿಯುತ್ತಾರೆ, ತೆರೆಯ ಮೇಲಂಚಿನಲ್ಲಿ ಕಿರೀಟ ಮಿನುಗುತ್ತದೆ, ಕಾಲ ಗೆಜ್ಜೆ ಕೇಳುತ್ತದೆ, ವೇಷ ಪೂರ್ತಿ ಕಾಣುವ ಮೊದಲೇ ರಾಜ ಬಂದಾಯಿತು ಎಂದು ಮೈ ಜುಮ್ಮೆನ್ನುತ್ತದೆ. ನಾನು ಆಟಕ್ಕೆ ಹೋಗುವುದೇ ಅದಕ್ಕಾಗಿ. ಆದರೆ ತೆರೆ ಸರಿದ ಮೇಲೆ ವೇಷಧಾರಿ ಬಾಯಿ ಬಿಡಬೇಕು, ಅರ್ಥ ಹೇಳಬೇಕು, ಪ್ರಸಂಗ ನಡೆಯಬೇಕು. ‘ಹೌ ಯು ಲೈಕ್ ದಟ್’ ಮೂರು ನಿಮಿಷದಲ್ಲಿ ಮೂರು ಒಡ್ಡೋಲಗ ಕೊಡುತ್ತದೆ, ಒಂದು ಅರ್ಥವನ್ನೂ ಕೊಡುವುದಿಲ್ಲ.

ಇದು ಈ ಹಾಡಿನಲ್ಲಿ ಹೊಸದಾಗಿ ಹುಟ್ಟಿದ ರೋಗವೂ ಅಲ್ಲ. ತಂಡದ 2018ರ ‘ಡು-ಡು ಡು-ಡು’, 2019ರ ‘ಕಿಲ್ ದಿಸ್ ಲವ್’ ಇದೇ ಅಚ್ಚಿನವು. ಅಚ್ಚಿನ ಯಜಮಾನ ಟೆಡ್ಡಿ ಪಾರ್ಕ್, ಒಂದು ಕಾಲಕ್ಕೆ ತಾನೇ ಹಿಪ್‌ಹಾಪ್ ತಂಡದಲ್ಲಿ ಹಾಡಿದವರು, ಟೂಎನ್ಇವನ್ ತಂಡದ ಹಾಡುಗಳನ್ನು ಕಟ್ಟಿದವರು. ಅವರ ಪ್ರತಿಭೆಯ ಬಗ್ಗೆ ನನಗೆ ಸಂಶಯವಿಲ್ಲ. ಬಿಗ್‌ಬ್ಯಾಂಗ್ ತಂಡದ 2012ರ ‘ಫೆಂಟಾಸ್ಟಿಕ್ ಬೇಬಿ’ ಹಾಡಿನಲ್ಲಿ ಹೀಗೇ ಕೂಗಿ ಕೆಡವುವ ತಂತ್ರವಿತ್ತು, ಅಲ್ಲಿ ಅದು ಗೆದ್ದಿತು. ಆ ಕೂಗು ಬನ್ನಿ, ಕುಣಿಯೋಣ ಎಂಬ ಕರೆ. ಅದರಲ್ಲಿ ಕೇಳುಗನಿಗೂ ಜಾಗವಿತ್ತು. ಇಲ್ಲಿನ ಕೂಗು ನನ್ನನ್ನು ನೋಡು ಎಂಬ ಅಪ್ಪಣೆ. ತಾನು ಬಿದ್ದು ಎದ್ದು ಬಂದೆ ಎಂಬ ಕಥೆಯನ್ನು ಬೇರೆ ಹಾಡು ಹೇಳುತ್ತದೆ. ಹುಟ್ಟಿದಾಗಿನಿಂದ ಒಂದು ಸೋಲನ್ನೂ ಕಾಣದ ತಂಡ ಯಾವ ಪಾತಾಳದಿಂದ ಎದ್ದಿತು? ಕಷ್ಟದ ಕಥೆ ಸುಳ್ಳಾದರೂ ಪರವಾಗಿಲ್ಲ, ರಾಗ ಅದನ್ನು ನಂಬಿಸಬೇಕು. ನಂಬಿಸುವ ಕ್ಷಣ ಬಂದಾಗಲೇ ರಾಗ ಎದ್ದು ಹೋಗಿರುತ್ತದೆ.

ನನ್ನ ತಂಗಿಯ ಮಗಳು ಈ ಹಾಡಿಗೆ ನಡುಮನೆಯಲ್ಲಿ ಕುಣಿಯುತ್ತಾಳೆ, ಚೆನ್ನಾಗಿಯೇ ಕುಣಿಯುತ್ತಾಳೆ. ಒಮ್ಮೆ ಕೇಳಿದೆ: “ಪುಟ್ಟಿ, ಕುಣಿಯೋದು ಬೇಡ, ಸುಮ್ಮನೆ ಒಂದ್ಸಲ ಗುನುಗು ನೋಡೋಣ.” ಶುರು ಮಾಡಿದಳು. ಏರುವ ಭಾಗ ಸರಾಗವಾಗಿ ಬಂತು. ಡ್ರಾಪಿನ ಜಾಗ ಬಂದಾಗ ಬಾಯಿ ನಿಂತಿತು, ಭುಜ ಅಲುಗಿತು. “ಮಾಮಾ, ಇಲ್ಲಿ ಹಾಡಲ್ಲ, ಇಲ್ಲಿ ಸ್ಟೆಪ್ಪು,” ಅಂದಳು. ಇದು ಪುರಾವೆಯಲ್ಲ, ಗೊತ್ತು. ಆದರೆ ನಾನು ಇಷ್ಟು ಹೊತ್ತು ಹೇಳಿದ್ದನ್ನು ಆಕೆ ನಾಲ್ಕು ಪದದಲ್ಲಿ ಮುಗಿಸಿದಳು. “ಹಾಗಾದರೆ ‘ಲವ್‌ಸಿಕ್ ಗರ್ಲ್ಸ್’?” ಅಂದೆ. ಅದನ್ನು ಪಲ್ಲವಿಯಿಂದಲೇ ಎತ್ತಿಕೊಂಡಳು.

ಹೌದು, ಐದನೆಯ ಹಾಡು. ‘ದಿ ಆಲ್ಬಂ’ ಎಂಬ ಹೆಸರಿಗೆ ಮಾನ ತಂದದ್ದು ಇದು. ಬರೆದವರ ಪಟ್ಟಿಯಲ್ಲಿ ಟೆಡ್ಡಿಯ ಜತೆಗೆ ಫ್ರಾನ್ಸಿನ ಡೇವಿಡ್ ಗೆಟ್ಟಾ ಇದ್ದಾರೆ, ತಂಡದ ಜಿಸೂ ಮತ್ತು ಜೆನ್ನಿಯೂ ಇದ್ದಾರೆ. ಗಿಟಾರಿನ ಮೀಟಿನಿಂದ ಶುರುವಾಗುವ ಈ ಹಾಡು ಏರಬೇಕಾದಲ್ಲಿ ಏರುತ್ತದೆ, ಏರಿದ ಮೇಲೆ ನಿಜಕ್ಕೂ ಹಾಡುತ್ತದೆ. ಪಲ್ಲವಿಯ ಅರ್ಥ ಸರಳ: ಒಂಟಿಯಾಗಿರಲೆಂದೇ ಹುಟ್ಟಿದವರು ನಾವು, ಆದರೂ ಪ್ರೀತಿಯನ್ನು ಹುಡುಕುತ್ತಲೇ ಇರುತ್ತೇವೆ. ಚೆಲುವಿರುವುದು ಇದನ್ನು ಹಾಡಿದ ರೀತಿಯಲ್ಲಿ. ಒಂಟಿತನದ ಈ ಮಾತನ್ನು ಒಬ್ಬಳೇ ನಿಂತು ಹಾಡುವುದಿಲ್ಲ, ಕಂಠಗಳೆಲ್ಲ ಒಂದಾಗಿ, ಜಾತ್ರೆಯಲ್ಲಿ ಕೂಗಿದ ಹಾಗೆ ಹಾಡುತ್ತವೆ. ಮಾತು ‘ಒಬ್ಬಳೇ’ ಎನ್ನುತ್ತದೆ, ಧ್ವನಿ ‘ಒಟ್ಟಿಗೆ’ ಎನ್ನುತ್ತದೆ. ಎರಡರ ಜಗಳ ಹಾಡು ಮುಗಿದರೂ ತೀರುವುದಿಲ್ಲ, ಅದಕ್ಕೇ ಮತ್ತೆ ಕೇಳಬೇಕೆನಿಸುತ್ತದೆ. ಇಲ್ಲೂ ಕೂಗು ಇದೆ, ನೃತ್ಯದ ತಾಳವಿದೆ, ಹೊರದೇಶದ ಡಿಜೆ ಇದ್ದಾರೆ. ಆದ್ದರಿಂದ ಡ್ರಮ್ಮು, ಬೇಸು, ಕೂಗು ನನಗೆ ಆಗದು ಎಂದು ಯಾರೂ ಹೇಳಬೇಡಿ. ಪಲ್ಲವಿಯ ಜಾಗವನ್ನು ಖಾಲಿ ಬಿಟ್ಟು ಅದನ್ನೇ ಧೈರ್ಯ ಎಂದು ಮಾರುವುದು ನನಗೆ ಆಗದು.

ಎಂಟನೆಯ ‘ಯು ನೆವರ್ ನೋ’ ಇನ್ನೊಂದು. ಒಳಗಿನದನ್ನು ತಿಳಿಯದೆ ಹೊರಗಿನಿಂದ ತೀರ್ಪು ಕೊಡುವವರಿಗೆ ಹೇಳಿದ ಮಾತು, ನಿಧಾನದ ಲಯ. ತಂಡದಲ್ಲಿ ನಾಲ್ಕು ಬೇರೆ ಬೇರೆ ಕಂಠಗಳಿವೆ ಎಂಬುದು ಈ ಆಲ್ಬಮ್ಮಿನಲ್ಲಿ ಸ್ಪಷ್ಟವಾಗುವುದೇ ಇಲ್ಲಿ. ರೋಸೆಯ ಕಂಠ ಅಂಚಿನಲ್ಲಿ ಬಿರುಕುಬಿಟ್ಟ ತೆಳು ಗಾಜಿನಂತೆ. ಜಿಸೂಳದ್ದು ಅಲಂಕಾರವಿಲ್ಲದ, ತಗ್ಗಿನ, ನೇರ ಧ್ವನಿ. ಜೆನ್ನಿ ಅರ್ಧ ಹಾಡಿ ಅರ್ಧ ಮಾತಾಡಿ ಬೇಸರವನ್ನೇ ಶೈಲಿ ಮಾಡಿಕೊಂಡವಳು. ಥಾಯ್ಲೆಂಡಿನಿಂದ ಬಂದ ಲೀಸಾ ತನ್ನದಲ್ಲದ ಭಾಷೆಯಲ್ಲಿ ರ‍್ಯಾಪ್ ಮಾಡುವಾಗ ಒಂದೊಂದು ವ್ಯಂಜನವೂ ಅರಳು ಸಿಡಿದಂತೆ ಕೇಳುತ್ತದೆ. ಇಂಥ ನಾಲ್ಕು ಕಂಠ ಕೈಯಲ್ಲಿದ್ದರೆ ಸಂಗೀತಗಾರನೊಬ್ಬ ಏನೆಲ್ಲ ಮಾಡಬಹುದು! ‘ದಿ ಆಲ್ಬಂ’ ಹೆಚ್ಚಿನ ಕಡೆ ಇವರನ್ನು ಬರುತ್ತಿದ್ದೇವೆ, ಬಂದೆವು ಎಂದು ಸಾರುವ ಡಂಗುರದವರನ್ನಾಗಿ ಮಾಡಿದೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ಸೆಲೀನಾ ಗೋಮೆಜ್ ಜತೆಗಿನ ‘ಐಸ್ ಕ್ರೀಮ್’ ಆಟಿಕೆಯ ಶಬ್ದಗಳ ಮೇಲೆ ಕಟ್ಟಿದ ದ್ವಂದ್ವಾರ್ಥದ ತುಂಟಾಟ, ತನ್ನ ಹಗುರತನ ತನಗೇ ಗೊತ್ತಿರುವುದರಿಂದ ಸಹ್ಯ. ಕಾರ್ಡಿ ಬಿ ಬಂದು ಹೋಗುವ ‘ಬೆಟ್ ಯು ವಾನ್ನಾ’ ಪೂರ್ತಿ ಇಂಗ್ಲಿಷ್. ಅದನ್ನು ಯಾರು ಬೇಕಾದರೂ ಹಾಡಬಹುದಿತ್ತು, ಅದೇ ಅದರ ಗೋಳು. ‘ಪ್ರೆಟಿ ಸ್ಯಾವೇಜ್’ನಲ್ಲಿ ಠೀವಿಯಿದೆ, ಠೀವಿಯಷ್ಟೇ ಇದೆ. ‘ಕ್ರೇಜಿ ಓವರ್ ಯು’, ‘ಲವ್ ಟು ಹೇಟ್ ಮಿ’ ಎರಡೂ ಊಟದ ನಡುವಿನ ನೀರು. ಹೊಗಳಬೇಕಾದ್ದನ್ನೂ ಹೊಗಳಿಬಿಡುತ್ತೇನೆ: ಧ್ವನಿಮುದ್ರಣ ಸ್ಫಟಿಕದಷ್ಟು ನಿಚ್ಚಳ, ಎಲ್ಲೂ ಉದ್ದ ಎಳೆದಿಲ್ಲ. ಆಯಿತು.

ಈಗ ಇತರ ವಿಮರ್ಶಕರ ವಿಷಯ. ಈ ಆಲ್ಬಮ್ಮನ್ನು ಬೈಯುವವರಲ್ಲಿ ಹೆಚ್ಚಿನವರು ತಪ್ಪು ಕಾರಣಕ್ಕೆ ಬೈಯುತ್ತಾರೆ. ಅವರ ಕೈಯಲ್ಲಿ ಒಂದೇ ಕಲ್ಲು: ಇದು ಕಾರ್ಖಾನೆಯ ಸಂಗೀತ. ಹುಡುಗಿಯರನ್ನು ನಾಲ್ಕರಿಂದ ಆರು ವರ್ಷ ತರಬೇತಿಯಲ್ಲಿಟ್ಟು ತಿದ್ದಿದ್ದಾರೆ, ಹಾಡು ಬರೆಯುವವರು ಬೇರೆ, ಕುಣಿತ ಕಲಿಸುವವರು ಬೇರೆ, ಇದರಲ್ಲಿ ಆತ್ಮ ಎಲ್ಲಿ ಎಂದು ಕೇಳುತ್ತಾರೆ. ಕನ್ನಡದಲ್ಲಿ ಕೂತು ಈ ಮಾತು ಹೇಳುವವರನ್ನು ಕಂಡರೆ ನಗು ಬರುತ್ತದೆ. ಪಿ.ಬಿ. ಶ್ರೀನಿವಾಸರ ಕಂಠಕ್ಕೆ ರಾಜ್‌ಕುಮಾರ್ ತುಟಿ ಆಡಿಸಿದ್ದನ್ನು ನೋಡಿ ಕಣ್ಣೊರೆಸಿಕೊಂಡ ಜನ ನಾವು. ಸಾಹಿತ್ಯ ಒಬ್ಬರದು, ರಾಗ ಒಬ್ಬರದು, ಕಂಠ ಒಬ್ಬರದು, ಮುಖ ಇನ್ನೊಬ್ಬರದು. ಆ ಹಾಡುಗಳಲ್ಲಿ ಆತ್ಮ ಎಲ್ಲಿ ಎಂದು ನಾವು ಯಾವತ್ತು ಕೇಳಿದ್ದೇವೆ? ಹಲವು ಕೈ ಸೇರಿ ಕಟ್ಟಿದ್ದು ದೋಷವಾದರೆ ನಮ್ಮ ಅರ್ಧ ಬಾಲ್ಯವನ್ನೇ ಹಿಂದಿರುಗಿಸಬೇಕಾಗುತ್ತದೆ. ತರಬೇತಿಯನ್ನು ಹಳಿಯುವುದಂತೂ ಇನ್ನೂ ವಿಚಿತ್ರ. ಗುರುವಿನ ಮನೆಯಲ್ಲಿ ಹತ್ತು ವರ್ಷ ಸರಳೆ ವರಸೆ ಹಾಡಿದವನನ್ನು ಸಾಧಕ ಎನ್ನುತ್ತೇವೆ. ಸೋಲ್‌ನಲ್ಲಿ ಐದು ವರ್ಷ ಬೆವರು ಸುರಿಸಿದವಳನ್ನು ಬೊಂಬೆ ಎನ್ನುತ್ತೇವೆ. ಆ ಪದ್ಧತಿಯೊಳಗಿನ ಕಠೋರತೆ ಬೇರೆ ಚರ್ಚೆ, ಅದನ್ನು ಗಂಭೀರವಾಗಿಯೇ ಮಾಡಬೇಕು. ಆದರೆ ಹಾಡು ಚೆನ್ನಾಗಿಲ್ಲ ಎನ್ನಲು ಅದು ಕಾರಣವಲ್ಲ. ‘ಲವ್‌ಸಿಕ್ ಗರ್ಲ್ಸ್’ ಕೂಡ ಅದೇ ಕಾರ್ಖಾನೆಯಿಂದ ಹೊರಬಂದ ಮಾಲು.

ಎದುರು ಗುಂಪಿನವರ ಕೈಯಲ್ಲಿ ಕಲ್ಲಿಲ್ಲ, ಲೆಕ್ಕದ ಪುಸ್ತಕವಿದೆ. ‘ಹೌ ಯು ಲೈಕ್ ದಟ್’ ವಿಡಿಯೊವನ್ನು ಮೊದಲ 24 ಗಂಟೆಯಲ್ಲಿ ಎಂಟೂವರೆ ಕೋಟಿಗೂ ಹೆಚ್ಚು ಸಲ ನೋಡಿದ್ದಾರೆ ಎಂಬುದು ಅವರ ವಾದದ ಮೊದಲ ಮಾತು, ಕೊನೆಯ ಮಾತೂ ಅದೇ. ಎಷ್ಟು ಜನ ನೋಡಿದರು ಎಂಬುದು ನನ್ನ ವಾದಕ್ಕೇ ಸಾಕ್ಷಿ ಹೇಳುತ್ತದೆ. ನೋಡಿದ್ದಾರೆ, ಹೌದು. ನಾನು ಕೇಳುತ್ತಿರುವುದು ಕೇಳಿದ್ದರ ಬಗ್ಗೆ.

ಇವರಲ್ಲೇ ಸ್ವಲ್ಪ ಓದಿಕೊಂಡವರು ಸೂಕ್ಷ್ಮವಾದ ವಾದ ಹೂಡುತ್ತಾರೆ. ಕೊರಿಯಾದ ಪಾಪ್ ದೃಶ್ಯಕಲೆ, ಹಾಡು ಅದರ ಒಂದು ಅಂಗ ಮಾತ್ರ, ಅಂಗವನ್ನು ಕತ್ತರಿಸಿ ಜೀವವಿಲ್ಲ ಎಂದು ದೂರುವುದು ಅನ್ಯಾಯ ಎನ್ನುತ್ತಾರೆ. ಮಾತಿನಲ್ಲಿ ಸತ್ವವಿದೆ. ಯಕ್ಷಗಾನವನ್ನು ರೇಡಿಯೋದಲ್ಲಿ ಕೇಳಿ ವೇಷ ಸರಿಯಿಲ್ಲ ಎನ್ನಲು ಬರುವುದಿಲ್ಲ. ಆದರೆ ಇದೇ ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳ ಎಲ್ಲವನ್ನೂ ತೆಗೆದು ಬರೀ ಮಾತು, ಪದ್ಯ ಉಳಿಸಿದರೆ ಅದಕ್ಕೆ ತಾಳಮದ್ದಲೆ ಎನ್ನುತ್ತಾರೆ, ಜನ ರಾತ್ರಿಯಿಡೀ ಕೂತು ಕೇಳುತ್ತಾರೆ. ಕಸುವಿರುವ ಅಂಗ ಒಂಟಿಯಾಗಿಯೂ ನಿಲ್ಲುತ್ತದೆ. ಮೇಲಾಗಿ, ಹತ್ತು ಲಕ್ಷ ಜನರಿಗೆ ‘ಆಲ್ಬಂ’ ಎಂದು ಹೆಸರಿಟ್ಟು ಮಾರಿದವರು ಇವರೇ. ಕಿವಿಗೆಂದು ಮಾರಿದ್ದನ್ನು ಕಿವಿಯಿಂದ ಅಳೆದರೆ ಸಿಟ್ಟೇಕೆ?

ಆ ವರ್ಷದ ಎರಡು ವಿವಾದಗಳನ್ನೂ ನೆನಪಿಸಿಕೊಳ್ಳಿ. ‘ಹೌ ಯು ಲೈಕ್ ದಟ್’ ವಿಡಿಯೊದಲ್ಲಿ ಲೀಸಾ ಕೂತ ಸಿಂಹಾಸನದ ಪಕ್ಕ ನೆಲದ ಮೇಲೆ ಗಣಪತಿಯ ಮೂರ್ತಿ ಇತ್ತು. ಭಾರತದ ಅಭಿಮಾನಿಗಳೇ ಸಿಡಿದೆದ್ದರು, ಸಂಸ್ಥೆ ಮೂರ್ತಿಯನ್ನು ದೃಶ್ಯದಿಂದ ಅಳಿಸಿತು. ವಿಘ್ನ ಕಳೆಯಬೇಕಾದವನೇ ವಿಘ್ನವಾದ. ಅಕ್ಟೋಬರ್‌ನಲ್ಲಿ ‘ಲವ್‌ಸಿಕ್ ಗರ್ಲ್ಸ್’ ವಿಡಿಯೊದಲ್ಲಿ ಜೆನ್ನಿ ತೊಟ್ಟ ದಾದಿಯ ವೇಷಕ್ಕೆ ಕೊರಿಯಾದ ಆರೋಗ್ಯ ಕಾರ್ಮಿಕರ ಸಂಘಟನೆ ಆಕ್ಷೇಪ ಎತ್ತಿತು, ಆ ದೃಶ್ಯವೂ ಹೋಯಿತು. ಎರಡು ಆಕ್ಷೇಪಗಳೂ ನ್ಯಾಯವಾದವೇ. ನಾನು ಗಮನಿಸಿದ್ದು ಬೇರೆ: ಎರಡು ಸಲವೂ ಚಿತ್ರ ಬದಲಾಯಿತು, ಹಾಡಿನ ಒಂದು ಸ್ವರವೂ ಅಲುಗಲಿಲ್ಲ. ಚಿತ್ರ ಮತ್ತು ಹಾಡು ಬೇರ್ಪಡದ ಒಂದೇ ಜೀವ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ?

2022ರ ಎರಡನೇ ಆಲ್ಬಂ ‘ಬಾರ್ನ್ ಪಿಂಕ್’ ಕೂಡ ಎಂಟೇ ಹಾಡು. ಅದು ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮೊದಲ ಸ್ಥಾನಕ್ಕೇ ಹೋಯಿತು. ಲೆಕ್ಕದ ಪುಸ್ತಕದವರಿಗೆ ಇನ್ನೊಂದು ಪುಟ ಸಿಕ್ಕಿತು. ನನಗೆ ಹೆಚ್ಚು ಹೇಳಿದ್ದು ರೋಸೆ 2024ರಲ್ಲಿ ಬ್ರೂನೋ ಮಾರ್ಸ್ ಜತೆ ಹಾಡಿದ ‘ಆಪಟ್’. ಅದರ ಪಲ್ಲವಿಯೂ ಒಂದು ಕೂಗೇ, ಕೊರಿಯಾದಲ್ಲಿ ಗೆಳೆಯರು ಕುಡಿಯುತ್ತ ಆಡುವ ಆಟದಿಂದ ಎತ್ತಿದ್ದು. ಆದರೆ ಆ ಕೂಗಿನ ಹಿಂದೆ ಸುತ್ತ ಕೂತ ಜನರಿದ್ದಾರೆ, ಕೈ ಮೇಲೆ ಕೈ ಇದೆ. ಅದನ್ನು ಕೇಳಿದವರು ತಾವೂ ಕೂಗುತ್ತಾರೆ. ಇದೇ ಕಂಠಕ್ಕೆ ನಾಲ್ಕು ವರ್ಷ ಹಿಂದೆ ಏಣಿ ಹತ್ತಿಸಿ, ತುದಿಯಲ್ಲಿ ಸುಮ್ಮನಿರು ಎಂದಿದ್ದರು.

ಮೊನ್ನೆ ಬಸ್ಸಿನಲ್ಲಿ ಮತ್ತೊಮ್ಮೆ ಪೂರ್ತಿ ಕೇಳಿದೆ. ‘ಯು ನೆವರ್ ನೋ’ ಮುಗಿದಾಗ ಕಿಟಕಿಯಾಚೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕೆನಿಸಿತು. ಫೋನು ಬಿಡಲಿಲ್ಲ. ಪಟ್ಟಿ ತಿರುಗಿ ಮೊದಲಿಗೆ ಬಂತು, ತುತ್ತೂರಿ ಮೊಳಗಿತು, ಮತ್ತೆ ಯಾರೋ ಬರುತ್ತಿದ್ದರು. ನಾಲ್ಕು ಸಲ ಬೆರಳು ಒತ್ತಿ ಐದನೆಯದಕ್ಕೆ ಹೋದೆ.